ಬಯೋಎಕಾನಮಿ ಅಂದರೆ ನೇಪಿಯರ್ ಹುಲ್ಲೇ? ಗೌರಿಬಿದನೂರಿನ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಮ್ಮದು ಗೌರಿಬಿದನೂರು ತಾಲ್ಲೂಕು. ಒಟ್ಟು ಏಳು ಎಕರೆ ಜಮೀನು. ಮೂರು ಎಕರೆ ಮುಸುಕಿನ ಜೋಳ, ಎರಡು ಎಕರೆ ರಾಗಿ–ಅವರೆ, ಒಂದು ಎಕರೆ ಹಿಪ್ಪುನೇರಳೆ, ಒಂದು ಎಕರೆ ಬೀಳು. ನಾಲ್ಕು ಸೀಮೆಹಸು. ಬೋರು 1,150 ಅಡಿ, ಎರಡಿಂಚು ನೀರಿದೆ. ಹೋದ ತಿಂಗಳು ನಮ್ಮ ರೈತ ಉತ್ಪಾದಕರ ಕಂಪನಿಯ ಸಭೆಗೆ ಒಂದು ಸಂಸ್ಥೆಯವರು ಬಂದಿದ್ದರು. ಬಯೋಎಕಾನಮಿ ದೇಶದಲ್ಲಿ ಹತ್ತು ವರ್ಷಕ್ಕೆ ಹದಿನಾರು ಪಟ್ಟು ಬೆಳೆದಿದೆ, ಕೇಂದ್ರ ಸರ್ಕಾರದ ಹೊಸ ನೀತಿಯೇ ಇದೆ ಎಂದು ಪರದೆ ಮೇಲೆ ತೋರಿಸಿದರು. ನಾವು ಐದು ವರ್ಷದ ಒಪ್ಪಂದಕ್ಕೆ ನೇಪಿಯರ್ ಅನ್ನುವ ಎತ್ತರದ ಮೇವಿನ ಹುಲ್ಲು ಬೆಳೆದುಕೊಡಬೇಕಂತೆ. ಎಕರೆಗೆ ವರ್ಷಕ್ಕೆ 150 ಟನ್ ಬರುತ್ತದೆ, ಟನ್ನಿಗೆ 1,000 ರೂಪಾಯಿ ಕೊಡುತ್ತೇವೆ, ಅದರಿಂದ ಗ್ಯಾಸ್ ಮಾಡುತ್ತೇವೆ ಅಂದರು. ರಾಗಿ ಹುಲ್ಲು, ಜೋಳದ ಸೆಪ್ಪೆಯನ್ನೂ "ತ್ಯಾಜ್ಯ" ಅಂತ ಕೊಳ್ಳುತ್ತಾರಂತೆ. ಮೊದಲಿಗೆ ಎಕರೆಗೆ 10,000 ನೋಂದಣಿ ಹಣ ಕಟ್ಟಬೇಕು. ನಾನು ಬಯೋಟೆಕ್ನಾಲಜಿಯಲ್ಲಿ ಬಿಎಸ್ಸಿ ಮಾಡಿದ್ದೇನೆ, ನನಗೆ ಆಸಕ್ತಿ ಇದೆ. ಅಪ್ಪ ಮಾತ್ರ "ಇದು ನೀಲಗಿರಿ ಮರಿ ಕಣೋ" ಅಂತಾರೆ. ಬಯೋಎಕಾನಮಿ ಅಂದರೆ ನಿಜಕ್ಕೂ ಏನು? ಇದರಲ್ಲಿ ಹೊಸದು ಏನಿದೆ? ಸುಸ್ಥಿರ ಹೌದೋ ಅಲ್ಲವೋ ಅಂತ ನಮ್ಮಂಥವರು ಹೇಗೆ ಅಳೆಯುವುದು?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆ ಮೂರಿದ್ದರೂ ಆತಂಕ ಒಂದೇ. ಒಳ್ಳೆಯ ಹೆಸರಿನ ಕೆಲಸಕ್ಕೆ ಬೇಡ ಅಂದರೆ ಹಿಂದುಳಿದವರಾಗುತ್ತೇವೆ, ಹೂಂ ಅಂದರೆ ಜಮೀನು ಕೈಬಿಟ್ಟು ಹೋದೀತು. ಮೊದಲು ಅವಸರದ ವಿಷಯ ಹೇಳಿಬಿಡುತ್ತೇನೆ: ಆ ಹತ್ತು ಸಾವಿರ ಕಟ್ಟಬೇಡಿ. ಹುಲ್ಲು ಕೊಳ್ಳುವವನು ಬೆಳೆಯುವವನಿಗೆ ಮುಂಗಡ ಕೊಡುವುದು ವ್ಯಾಪಾರ. ಬೆಳೆಯುವವನಿಂದಲೇ ಮುಂಗಡ ಕೇಳುವುದಕ್ಕೆ ಬೇರೆ ಹೆಸರಿದೆ. ಇನ್ನುಳಿದದ್ದನ್ನು ನಿಧಾನವಾಗಿ ನೋಡೋಣ.

ಬಯೋಎಕಾನಮಿ ಅನ್ನುವ ಮಾತನ್ನು ಮೂರು ಬಗೆಯ ಜನ ಮೂರು ಅರ್ಥದಲ್ಲಿ ಆಡುತ್ತಾರೆ. ಪ್ರಯೋಗಾಲಯದವರಿಗೆ ಅದು ಜೀವಕೋಶ, ಕಿಣ್ವ, ಲಸಿಕೆಗಳಿಂದ ಹುಟ್ಟುವ ವ್ಯವಹಾರ. ಕಾರ್ಖಾನೆಯವರಿಗೆ ಪೆಟ್ರೋಲಿಯಂ ಜಾಗದಲ್ಲಿ ಗಿಡ, ಹುಲ್ಲು, ಸಗಣಿ ಇಟ್ಟು ಇಂಧನ, ಪ್ಲಾಸ್ಟಿಕ್ಕು, ಬಟ್ಟೆ ಮಾಡುವುದು. ಮೂರನೆಯವರು ಮಣ್ಣು, ನೀರು, ದನ, ಬೆಳೆ ಒಂದರೊಳಗೊಂದು ತಿರುಗುವ ಚಕ್ರವನ್ನೇ ಹಾಗೆ ಕರೆಯುತ್ತಾರೆ. ಮೂರೂ ತಪ್ಪಲ್ಲ. ಒಂದರ ಅಂಕಿ ತೋರಿಸಿ ಇನ್ನೊಂದಕ್ಕೆ ಸಹಿ ಹಾಕಿಸಿಕೊಂಡಾಗ ತೊಂದರೆ ಶುರುವಾಗುತ್ತದೆ. ನಿಮ್ಮ ಸಭೆಯಲ್ಲಿ ಆದದ್ದು ಅದೇ.

ಅವರು ತೋರಿಸಿದ ಅಂಕಿ ಸುಳ್ಳಲ್ಲ. ಸರ್ಕಾರದ ವರದಿಯ ಪ್ರಕಾರ ಭಾರತದ ಜೈವಿಕ ಆರ್ಥಿಕತೆ 2014ರಲ್ಲಿ ಸುಮಾರು 10 ಬಿಲಿಯನ್ ಡಾಲರ್ ಇತ್ತು, 2024ರಲ್ಲಿ 165.7 ಬಿಲಿಯನ್ ಆಯಿತು. 2030ಕ್ಕೆ 300 ಬಿಲಿಯನ್ ಅನ್ನುವುದು ಗುರಿ. ಆದರೆ ಆ ಮೊತ್ತದೊಳಗೆ ಏನೇನಿದೆ ನೋಡಿ: ಔಷಧಿ, ಲಸಿಕೆ, ಬಿಟಿ ಹತ್ತಿ ಬೀಜ, ಕಿಣ್ವ, ಎಥೆನಾಲ್, ಔಷಧ ಕಂಪನಿಗಳಿಗೆ ಮಾಡಿಕೊಡುವ ಸಂಶೋಧನಾ ಸೇವೆ. ನಿಮ್ಮ ತಾಯಿಯವರು ಬೆಳಗ್ಗೆ ಡೇರಿಗೆ ಹಾಕುವ ಹಾಲು ಇದರಲ್ಲಿಲ್ಲ, ರಾಗಿ ಇಲ್ಲ. ಯೂರೋಪಿನವರು 2012ರಲ್ಲಿ ಮಾಡಿಕೊಂಡ ವ್ಯಾಖ್ಯೆಯಲ್ಲಿ ಬೇಸಾಯ, ಕಾಡು, ಮೀನುಗಾರಿಕೆ ಎಲ್ಲವೂ ಸೇರುತ್ತವೆ. ಅವರ ಲೆಕ್ಕಕ್ಕೆ ನಿಮ್ಮ ಏಳು ಎಕರೆ, ನಾಲ್ಕು ಹಸು, ರೇಷ್ಮೆ ಹುಳುವಿನ ಮನೆ ಆಗಲೇ ಬಯೋಎಕಾನಮಿ. ದೆಹಲಿಯ ಲೆಕ್ಕಕ್ಕೆ ಅಲ್ಲ.

ನೀತಿಯ ವಿಷಯದಲ್ಲೂ ಇಂಥದೇ ಬೆರಕೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ "ಬಯೋಇ3" ನೀತಿ ಜೈವಿಕ ತಂತ್ರಜ್ಞಾನ ಇಲಾಖೆಯದು. ಅದರ ಒತ್ತು ಜೈವಿಕ ರಾಸಾಯನಿಕ, ಕಿಣ್ವ, ಪ್ರೋಟೀನ್, ಚಿಕಿತ್ಸೆಯ ಔಷಧಿ, ಹವಾಮಾನದ ಏರುಪೇರು ತಡೆದುಕೊಳ್ಳುವ ಕೃಷಿ ಇಂಥವುಗಳ ಮೇಲೆ. ನಿಮ್ಮ ಹುಲ್ಲಿನಿಂದ ಮಾಡುವುದು ಸಿಬಿಜಿ, ಅಂದರೆ ಒತ್ತಿ ತುಂಬಿದ ಜೈವಿಕ ಅನಿಲ. ಅದು ಪೆಟ್ರೋಲಿಯಂ ಸಚಿವಾಲಯ 2018ರಲ್ಲಿ ಶುರು ಮಾಡಿದ "ಸತತ್" ಯೋಜನೆಯ ಬಾಬತ್ತು. 2023–24ರ ಹೊತ್ತಿಗೆ 5,000 ಘಟಕ ಅನ್ನುವುದು ಅದರ ಗುರಿಯಾಗಿತ್ತು. ಆ ಹೊತ್ತಿಗೆ ನಡೆಯುತ್ತಿದ್ದದ್ದು ಅದರಲ್ಲಿ ಸಣ್ಣದೊಂದು ಪಾಲು. ಹಾಗಂತ ಬೇಡಿಕೆಯೇ ಸುಳ್ಳು ಅನ್ನಲಾರೆ. ನಗರ ಗ್ಯಾಸ್ ಕಂಪನಿಗಳು 2025–26ರಿಂದ ಶೇ 1ರಷ್ಟು ಸಿಬಿಜಿ ಬೆರೆಸಬೇಕು, 2028–29ಕ್ಕೆ ಅದು ಶೇ 5ಕ್ಕೆ ಏರಬೇಕು ಎಂದು ನಿಯಮ ಮಾಡಿದ್ದಾರೆ. ಗ್ಯಾಸು ಬೇಕಾಗಿದೆ. ಅದನ್ನು ಯಾರ ನೀರಲ್ಲಿ, ಯಾರ ಗೊಬ್ಬರದಲ್ಲಿ ಮಾಡುವುದು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.

ಹೊಸತನ ಎಷ್ಟಿದೆ ಅಂತ ಕೇಳಿದ್ದೀರಿ. ನಾನು ಒಂದು ಒರಟು ಅಳತೆ ಇಟ್ಟುಕೊಂಡಿದ್ದೇನೆ: ಕೆಜಿಗೆ ಎಷ್ಟು ರೂಪಾಯಿ? ಬೆಂಗಳೂರಿನ ಬಯೋಕಾನ್ 1978ರಲ್ಲಿ ಶುರುವಾದದ್ದು ಪರಂಗಿಕಾಯಿಯ ಹಾಲಿನಿಂದ ಪಪೇನ್ ಅನ್ನುವ ಕಿಣ್ವ ತೆಗೆದು ಮಾರುತ್ತಾ. ಸ್ವಲ್ಪ ಪದಾರ್ಥ, ಹೆಚ್ಚು ಬುದ್ಧಿ, ಹೆಚ್ಚು ಬೆಲೆ. ಲಸಿಕೆ, ಕಿಣ್ವ, ಔಷಧಿ ಎಲ್ಲವೂ ಆ ಜಾತಿ. ಅವಕ್ಕೆ ನಿಮ್ಮ ಹೊಲ ಬೇಕಾಗಿಲ್ಲ, ನಿಮ್ಮ ಬಿಎಸ್ಸಿ ಬೇಕು. ಗ್ಯಾಸು, ಎಥೆನಾಲ್, ಬ್ರಿಕೆಟ್ಟು (ಕಸಕಡ್ಡಿ ಒತ್ತಿ ಮಾಡುವ ಉರುವಲು ಇಟ್ಟಿಗೆ) ಇದಕ್ಕೆ ತದ್ವಿರುದ್ಧ: ರಾಶಿ ಪದಾರ್ಥ, ಕೆಜಿಗೆ ಪುಡಿಗಾಸು. ಅವಕ್ಕೆ ಹೊಲ ಬೇಕು, ಹೊಲದ ನೀರು ಬೇಕು. ಹದಿನಾರು ಪಟ್ಟಿನ ಬೆಳವಣಿಗೆಯಲ್ಲಿ ಎಥೆನಾಲ್ ಸೇರಿದೆ ನಿಜ. ಆದರೆ ಕೇಳುಗರ ಕಣ್ಣು ಅರಳುವುದು ಮೊದಲ ಜಾತಿಯನ್ನು ಕಂಡು, ಜಮೀನು ಕೇಳುವುದು ಎರಡನೆಯದಕ್ಕೆ. ಸಾಧ್ಯವಾದರೆ ನೀವು ಮೊದಲನೆಯದರ ಕಡೆ ಹೋಗಿ, ಹೊಲವನ್ನು ಎರಡನೆಯದರಿಂದ ಸ್ವಲ್ಪ ದೂರ ಇಟ್ಟುಕೊಳ್ಳಿ.

ಈಗ ನಿಮ್ಮ ತಂದೆಯವರ ಮಾತು. ಅದನ್ನು ಹಳೆಕಾಲದವರ ಭಯ ಅಂತ ತಳ್ಳಿಹಾಕಬೇಡಿ.

ಎಂಬತ್ತರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಬಂದಾಗ ನಿಮ್ಮ ಊರು ಕೋಲಾರ ಜಿಲ್ಲೆಯಲ್ಲಿತ್ತು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಸೌದೆ, ಮೇವು, ಹಸಿರು ಎಂದು ಶುರುವಾದದ್ದು ರಾಗಿ ಹೊಲಗಳಲ್ಲಿ ನೀಲಗಿರಿ ಆಗಿ ನಿಂತಿತು. ಕೂಲಿ ಬೇಡ, ಕಾವಲು ಬೇಡ, ಬೆಂಗಳೂರಲ್ಲಿದ್ದ ಜಮೀನ್ದಾರರಿಗೆ ಹೇಳಿ ಮಾಡಿಸಿದ ಬೆಳೆ. ಮರ ಹೋದದ್ದು ಕಟ್ಟಡದ ಗಳುವಿಗೆ, ಕಾಗದ–ರೇಯಾನ್‌ಗೆ ಬೇಕಾದ ತಿರುಳಿನ ಕಾರ್ಖಾನೆಗೆ. ರಾಗಿ ಹೋಯಿತು, ರಾಗಿ ಹುಲ್ಲು ಹೋಯಿತು, ಕಳೆ ಕೀಳುವ ಹೆಣ್ಣಾಳಿನ ಕೂಲಿ ಹೋಯಿತು. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತರು ಗುಂಪಾಗಿ ಅರಣ್ಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತೆಸೆದು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿದರು. 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಇವತ್ತಿನ ಯಾವ ವ್ಯಾಖ್ಯೆ ಹಿಡಿದು ನೋಡಿದರೂ ಮರದ ತಿರುಳಿನಿಂದ ನೂಲು ತೆಗೆಯುವುದು ಅಪ್ಪಟ ಬಯೋಎಕಾನಮಿ: ಮತ್ತೆ ಚಿಗುರುತ್ತದೆ, ಮಣ್ಣಲ್ಲಿ ಕರಗುತ್ತದೆ, ಪೆಟ್ರೋಲಿಯಂ ಇಲ್ಲ. ಅಷ್ಟಾಗಿಯೂ ಊರಿಗೆ ಒಗ್ಗಲಿಲ್ಲ.

ಇಲ್ಲೊಂದು ತಿದ್ದುಪಡಿಯನ್ನೂ ಹೇಳಬೇಕು. "ನೀಲಗಿರಿ ಎಲ್ಲ ಕಡೆ ನೀರು ಕುಡಿದು ಮುಗಿಸುತ್ತದೆ" ಅನ್ನುವುದು ಪೂರ್ತಿ ಸರಿಯಲ್ಲ. ಹೊಸಕೋಟೆ ಬಳಿ ಆಳವಾದ ಮಣ್ಣಿನಲ್ಲಿ ಅಳೆದು ನೋಡಿದಾಗ ಅದು ಬಿದ್ದ ಮಳೆಗಿಂತ ಹೆಚ್ಚು ನೀರು ಎಳೆದಿತ್ತು. ಶಿವಮೊಗ್ಗದ ಕಡೆ ಆಳವಿಲ್ಲದ ಮಣ್ಣಿನಲ್ಲಿ ಅಲ್ಲಿನ ಕಾಡಿಗಿಂತ ಹೆಚ್ಚೇನೂ ಕುಡಿದಿರಲಿಲ್ಲ. ಆದರೆ ರಾಗಿಯಂಥ ಮಳೆಯಾಶ್ರಿತ ಬೆಳೆಗೆ ಹೋಲಿಸಿದರೆ ಬಹಳ ಹೆಚ್ಚು. ಅಂದರೆ ದೋಷ ಮರದ್ದಷ್ಟೇ ಅಲ್ಲ; ಯಾವ ಬೆಳೆಯ ಜಾಗಕ್ಕೆ, ಯಾವ ಮಣ್ಣಿಗೆ ತಂದಿರಿ ಅನ್ನುವುದರದ್ದು. ನೇಪಿಯರ್‌ಗೂ ಇದೇ ಪ್ರಶ್ನೆ ಕೇಳಬೇಕು. ನೀಲಗಿರಿ ಬೇರು ಬಿಟ್ಟು ನೀರು ಹುಡುಕಿಕೊಳ್ಳುತ್ತಿತ್ತು, ನೇಪಿಯರ್‌ಗೆ ನೀವೇ ಮೋಟರ್ ಹಾಕಿ ಕೊಡಬೇಕು.

ಲೆಕ್ಕ ಹಾಕೋಣ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ನೀರು ನಿಲ್ಲಿಸಿದರೆ ಅದು ಸುಮಾರು 4,000 ಲೀಟರ್. ಬೇಸಿಗೆಯಲ್ಲಿ ಚೆನ್ನಾಗಿ ಬೆಳೆಯುತ್ತಿರುವ ಹುಲ್ಲು ದಿನಕ್ಕೆ ಐದು ಮಿಲಿಮೀಟರ್ ಕೇಳುತ್ತದೆ ಅಂತ ಇಟ್ಟುಕೊಳ್ಳಿ: 20,000 ಲೀಟರ್, ನಾಲ್ಕು ಟ್ಯಾಂಕರ್. ನಿಮ್ಮ ಬೋರಿನ ಎರಡಿಂಚು ಅಂದರೆ ವಿ–ನಾಚ್ ಅಳತೆಯಲ್ಲಿ (ವಿ ಆಕಾರದ ಕಂಡಿಯಲ್ಲಿ ಹರಿಸಿ ನೀರಿನ ಎತ್ತರ ನೋಡುವ ಅಳತೆ) ಗಂಟೆಗೆ ಸುಮಾರು 2,900 ಲೀಟರ್. ಏಳು ಗಂಟೆ ತ್ರೀಫೇಸ್ ಕರೆಂಟು ಪೂರ್ತಿ ಇದ್ದರೆ ಮತ್ತೆ ಅದೇ 20,000. ಒಂದೇ ಎಕರೆ ನೇಪಿಯರ್‌ಗೆ ನಿಮ್ಮ ಇಡೀ ಬೋರು ಸರಿಹೋಯಿತು. ಹಿಪ್ಪುನೇರಳೆಗೆ? ಹಸುಗಳ ತೊಟ್ಟಿಗೆ? ನಿಮ್ಮ ತಾಲ್ಲೂಕು ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿದೆ. ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆಯಲ್ಲ ಅಂತ ಯಾರಾದರೂ ಅಂದರೆ, ಅದು ಕೆರೆ ತುಂಬಿಸಿ ಇಂಗಿಸುವುದಕ್ಕೆ ಕೊಟ್ಟ ನೀರು, ಕೆರೆಗೆ ಪಂಪು ಇಟ್ಟು ಹುಲ್ಲಿಗೆ ಹರಿಸುವುದಕ್ಕಲ್ಲ ಅನ್ನಿ.

ಹಸಿ ನೇಪಿಯರ್‌ನಲ್ಲಿ ಶೇ 80ರಷ್ಟು ನೀರೇ. ಹತ್ತು ಟನ್ ಹುಲ್ಲು ಹೊತ್ತ ಲಾರಿ ನಿಮ್ಮ ಊರು ಬಿಟ್ಟರೆ, ಅದರಲ್ಲಿ ಎಂಟು ಟನ್ ಸಾವಿರದ ನೂರೈವತ್ತು ಅಡಿಯಿಂದ ಎತ್ತಿದ ನೀರು ಹೊರಟಿತು ಅಂತ ತಿಳಿಯಿರಿ.

ಉಳಿದ ಎರಡು ಟನ್ನಿನ ಕಥೆ ನೀರಿಗಿಂತ ಮುಖ್ಯ, ಯಾಕೆಂದರೆ ಅದನ್ನು ಯಾರೂ ಹೇಳುವುದಿಲ್ಲ. ಎಕರೆಗೆ 150 ಟನ್ ಬಿಡಿ, ನೀವು ಕಷ್ಟಪಟ್ಟು ನೂರು ಟನ್ ತೆಗೆದಿರಿ ಅನ್ನೋಣ. ಒಣಗಿದ ಲೆಕ್ಕದಲ್ಲಿ 20 ಟನ್. ಅದರಲ್ಲಿ ಸಾರಜನಕ ಶೇ ಒಂದೇ ಅಂತ ಕಡಿಮೆ ಹಿಡಿದರೂ 200 ಕೆಜಿ. ಯೂರಿಯಾದಲ್ಲಿ ಇರುವುದು ಶೇ 46. ಅಂದರೆ 45 ಕೆಜಿಯ ಒಂಬತ್ತೂವರೆ ಚೀಲ ಯೂರಿಯಾ ಪ್ರತಿ ವರ್ಷ ನಿಮ್ಮ ಒಂದು ಎಕರೆಯಿಂದ ಲಾರಿ ಹತ್ತಿ ಹೋಗುತ್ತದೆ, ಪೊಟ್ಯಾಷು ಬೇರೆ. ಗ್ಯಾಸಿನ ತೊಟ್ಟಿಯಲ್ಲಿ ಉರಿಯುವ ಅನಿಲವಾಗಿ ಹೊರಬರುವುದು ಇಂಗಾಲದ ಭಾಗ. ಸಾರಜನಕ, ರಂಜಕ, ಪೊಟ್ಯಾಷು ಹೆಚ್ಚುಕಡಿಮೆ ಪೂರ್ತಿ ತೊಟ್ಟಿಯಿಂದ ಕೊನೆಗೆ ಹೊರಬರುವ ಬಗ್ಗಡದಲ್ಲೇ ಉಳಿಯುತ್ತವೆ. ಆ ಬಗ್ಗಡ ವಾಪಸ್ ನಿಮ್ಮ ಹೊಲಕ್ಕೆ ಬಂದರೆ ಚಕ್ರ ಸುತ್ತಿತು. ಬರದಿದ್ದರೆ ಅದು ಗಣಿಗಾರಿಕೆ, ಕೋಲಾರದವರಿಗೆ ಗೊತ್ತಿಲ್ಲದ್ದೇನಲ್ಲ.

ಬರುತ್ತದೆಯೇ? ಹೀಗೆ ಹುದುಗಿಸಿದ ಗೊಬ್ಬರವನ್ನು ಮಾರುವ ಘಟಕಗಳಿಗೆ ಟನ್ನಿಗೆ 1,500 ರೂಪಾಯಿ ನೆರವು ಕೊಡುವ ಯೋಜನೆಯನ್ನು ಕೇಂದ್ರ 2023ರಲ್ಲಿ ತಂದಿತು. ಉದ್ದೇಶ ಒಳ್ಳೆಯದೇ. ಆದರೆ ಘಟಕದವರಿಗೆ ಬಗ್ಗಡವನ್ನು ಒಣಗಿಸಿ, ಚೀಲ ಕಟ್ಟಿ, ಹೆಚ್ಚು ಬೆಲೆ ಕೊಡುವವರಿಗೆ ಮಾರುವ ಆಸೆ ಹುಟ್ಟುವುದು ಸಹಜ. ಹುಲ್ಲು ಕೊಟ್ಟವನಿಗೆ ಪುಕ್ಕಟೆ ವಾಪಸ್ ತಲುಪಿಸುವ ಆಸೆ ತಾನಾಗಿ ಹುಟ್ಟುವುದಿಲ್ಲ, ಒಪ್ಪಂದದಲ್ಲಿ ಬರೆಸಬೇಕು.

ಇದೆಲ್ಲ ಹೊಸ ಪಾಠವೇನಲ್ಲ. ಕುಣಿಗಲ್ ತಾಲ್ಲೂಕಿನ ಪುರ ಅನ್ನುವ ಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ ಕೆಲಸ ನಮ್ಮ ಕಸುಬಿನವರಿಗೆಲ್ಲ ಗೊತ್ತು. ಪ್ರೊ. ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ "ಅಸ್ತ್ರ" ತಂಡ ಅದು. ಊರಿನ ಸಗಣಿಯೆಲ್ಲ ಒಂದೆಡೆ ಸೇರಿಸಿ ಎಲ್ಲರ ಅಡುಗೆಗೂ ಗ್ಯಾಸು ಕೊಡುವುದು ಮೊದಲ ಯೋಚನೆ. ಸಗಣಿ ಅಷ್ಟು ಇರಲಿಲ್ಲ. ಊರವರಿಗೆ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು. 1987ರ ಹೊತ್ತಿಗೆ ಯೋಚನೆ ಬದಲಿಸಿ, ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. ನನಗೆ ಅದರಲ್ಲಿ ಎಂಜಿನ್ನಿಗಿಂತ ಹಿಡಿಸಿದ್ದು ತಕ್ಕಡಿ. ಯಾವ ಮನೆಯವರು ಎಷ್ಟು ಸಗಣಿ ತಂದರು ಅಂತ ತೂಗಿ, ಬರೆದು, ಹೊತ್ತು ತಂದದ್ದಕ್ಕೆ ಒಂದಿಷ್ಟು ಪೈಸೆ ಕೊಟ್ಟು, ಬಗ್ಗಡವನ್ನು ಮರಳ ಹಾಸಿನ ಮೇಲೆ ಸೋಸಿ, ಅದೇ ಮನೆಗೆ ಗೊಬ್ಬರ ವಾಪಸ್ ಕೊಡುತ್ತಿದ್ದರು. ಯಂತ್ರ ಎಲ್ಲರಿಗೂ ಸಿಗುತ್ತದೆ, ಆ ತಕ್ಕಡಿ ಮತ್ತು ಪುಸ್ತಕವೇ ನಿಜವಾದ ಹೊಸತನ ಅಂತ ನನ್ನ ಅಭಿಪ್ರಾಯ.

ಅದೇ ತುಮಕೂರು ಜಿಲ್ಲೆಯ ಕಬ್ಬಿಗೆರೆಯಲ್ಲಿ 2007ರಲ್ಲಿ ಸೌದೆಯನ್ನು ಅರೆಬರೆ ಸುಟ್ಟು ಅನಿಲ ಮಾಡಿ ಎಂಜಿನ್ ಓಡಿಸುವ 500 ಕಿಲೋವಾಟ್‌ನ ವಿದ್ಯುತ್ ಘಟಕ ಗ್ರಿಡ್ಡಿಗೆ ಕರೆಂಟು ಕೊಡತೊಡಗಿತು. ಒಂದು ಯೂನಿಟ್ಟಿಗೆ ಸುಮಾರು ಒಂದೂಕಾಲು ಕೆಜಿ ಕಟ್ಟಿಗೆ ಬೇಕು. ಪೂರ್ತಿ ಓಡಿಸಿದರೆ ದಿನಕ್ಕೆ 15 ಟನ್. ಅಷ್ಟು ಕಟ್ಟಿಗೆಯನ್ನು ದಿನಾ ತರಿಸಿ, ಸೀಳಿಸಿ, ಒಣಗಿಸುವುದು ಯಂತ್ರ ಕಟ್ಟುವುದಕ್ಕಿಂತ ಕಷ್ಟ. ಈ ಮಾತನ್ನು ಯಾವ ಸಭೆಯ ಪರದೆಯ ಮೇಲೂ ನಾನು ಕಂಡಿಲ್ಲ.

ನನ್ನ ಸ್ವಂತ ತಪ್ಪನ್ನೂ ಹೇಳಿಬಿಡುತ್ತೇನೆ. 2003ರಲ್ಲಿ ಯೋಜನಾ ಆಯೋಗ ಬಯೋಡೀಸೆಲ್ ಕನಸು ಬಿತ್ತಿದಾಗ ಕಾಡುಹರಳು ಗಿಡದ ಹುಚ್ಚು ದೇಶಕ್ಕೆಲ್ಲ ಹಿಡಿದಿತ್ತು. ಜಟ್ರೋಪ ಅಂತ ಕಾಗದದಲ್ಲಿ ಬರೆಯುತ್ತಿದ್ದೆವು. ಬರಡು ನೆಲ ಸಾಕು, ನೀರು ಬೇಡ, ಮೇಕೆ ಬಾಯಿ ಹಾಕುವುದಿಲ್ಲ ಅಂತ ಶಿರಾ ಕಡೆಯ ಒಂದು ಊರಲ್ಲಿ ನಾನೇ ಭಾಷಣ ಮಾಡಿದ್ದೆ. ನಾಲ್ಕು ವರ್ಷ ಬಿಟ್ಟು ಹೋದಾಗ ಒಬ್ಬ ಹಿರಿಯರು ಮಾತಾಡದೆ ಒಳಗೆ ಹೋಗಿ ಒಂದು ಗೋಣಿಚೀಲ ತಂದು ಜಗಲಿ ಮೇಲೆ ಮಗುಚಿದರು. ಒಂದು ಮೊರ ತುಂಬುವಷ್ಟೂ ಬೀಜ ಇರಲಿಲ್ಲ. "ಬದುವಿನ ಉದ್ದಕ್ಕೂ ಇದೇ ಸ್ವಾಮಿ" ಅಂದರು. ಬರಡು ನೆಲದಲ್ಲಿ ಗಿಡ ಬದುಕುತ್ತದೆ, ಫಸಲು ಕೊಡುವುದಿಲ್ಲ. ಫಸಲು ಬೇಕಾದರೆ ಅದಕ್ಕೂ ನೀರು ಗೊಬ್ಬರ ಬೇಕು. ನಾನು ಓದಿದ್ದ ಅಂಕಿಗಳು ನೀರುಣ್ಣಿಸಿ ಬೆಳೆಸಿದ ತಾಕುಗಳವು. ಆಮೇಲಿಂದ ಯಾರಾದರೂ "ಎಕರೆಗೆ 150 ಟನ್" ಅಂದರೆ, ಯಾರ ಎಕರೆಯಲ್ಲಿ, ಎಷ್ಟು ನೀರಿನಲ್ಲಿ, ಎಷ್ಟನೇ ವರ್ಷದಲ್ಲಿ ಅಂತ ಕೇಳುವುದು ನನಗೆ ಅಭ್ಯಾಸವಾಗಿದೆ.

"ತ್ಯಾಜ್ಯ" ಅನ್ನುವ ಪದಕ್ಕೆ ಬರೋಣ. ಪಂಜಾಬಿನಲ್ಲಿ ಭತ್ತದ ಕೂಳೆ ಸುಡುತ್ತಾರೆ, ಅಲ್ಲಿ ಅದು ತ್ಯಾಜ್ಯ. ಪಾಣಿಪತ್‌ನಲ್ಲಿ 2022ರಲ್ಲಿ ಶುರುವಾದ ಎರಡನೇ ಪೀಳಿಗೆಯ, ಅಂದರೆ ಕಾಳಿನ ಬದಲು ಹುಲ್ಲು ಕಡ್ಡಿಯಿಂದ ಮಾಡುವ, ಎಥೆನಾಲ್ ಘಟಕಕ್ಕೆ ವರ್ಷಕ್ಕೆ ಎರಡು ಲಕ್ಷ ಟನ್ ಭತ್ತದ ಹುಲ್ಲು ಬೇಕು ಅಂದರೆ ಅದಕ್ಕೊಂದು ಅರ್ಥವಿದೆ. ನಿಮ್ಮೂರಲ್ಲಿ ರಾಗಿ ಹುಲ್ಲು ಯಾರಾದರೂ ಸುಟ್ಟದ್ದು ನೋಡಿದ್ದೀರಾ? ಬಣವೆ ಒಟ್ಟಿ, ಮಳೆ ಬೀಳದಂತೆ ಮುಚ್ಚಿ, ಬೇಸಿಗೆಗೆ ಕಂತೆ ಲೆಕ್ಕದಲ್ಲಿ ಇಳಿಸುತ್ತೀರಿ. ಅದು ನಿಮ್ಮ ಹಸುಗಳ ಮೇ ತಿಂಗಳು. ಅದನ್ನು ಮಾರಿ, ಅದೇ ದುಡ್ಡಿಗೆ ಬೇಸಿಗೆಯಲ್ಲಿ ದುಬಾರಿ ಮೇವು ಕೊಳ್ಳುವುದು ಯಾವ ಆರ್ಥಿಕತೆಯೋ ನನಗೆ ತಿಳಿಯದು. ಜೋಳದ ಸೆಪ್ಪೆಯ ಎಲೆ ಭಾಗವೂ ಹಾಗೆಯೇ. ಬುಡದ ಗಟ್ಟಿ ಕಡ್ಡಿ ಮಣ್ಣಿಗೆ ಸೇರಲಿ; ಮಣ್ಣು ಪರೀಕ್ಷೆಯ ಕಾರ್ಡಿನಲ್ಲಿ ಸಾವಯವ ಇಂಗಾಲದ ಎದುರು ಶೇ ಅರ್ಧಕ್ಕಿಂತ (0.5) ಕಡಿಮೆ ಇದ್ದರೆ ಅದು "ಕಡಿಮೆ" ಅಂತಲೇ ಲೆಕ್ಕ. ನಿಮ್ಮ ಕಾರ್ಡು ತೆಗೆದು ನೋಡಿ. ಕಡಿಮೆ ಇದ್ದರೆ ಹೊಲದಿಂದ ಒಂದು ಕಡ್ಡಿಯೂ ಹೊರಗೆ ಹೋಗಬಾರದು.

ಮಾರಬಹುದಾದದ್ದು ಒಂದಿದೆ: ಜೋಳ ಬಿಡಿಸಿದ ಮೇಲೆ ಉಳಿಯುವ ಬೆಂಡು. ದನ ತಿನ್ನುವುದಿಲ್ಲ, ಗೊಬ್ಬರವಾಗಿ ಸತ್ವ ಕಡಿಮೆ, ಒಣಗಿದ್ದು, ಚೀಲಕ್ಕೆ ತುಂಬುತ್ತದೆ. ಒಂದು ಟನ್ ಕಾಳಿಗೆ ಸುಮಾರು 180 ಕೆಜಿ ಬೆಂಡು ಸಿಗುತ್ತದೆ. ಕಡಲೆಕಾಯಿ ಸಿಪ್ಪೆ, ತೆಂಗಿನ ಚಿಪ್ಪು ಇದ್ದವರಿಗೂ ಇದೇ ಮಾತು. ನಿಮ್ಮ ಉತ್ಪಾದಕರ ಕಂಪನಿ ಕಣದ ಹತ್ತಿರವೇ ಇದನ್ನು ಒಟ್ಟು ಮಾಡಿ ಬ್ರಿಕೆಟ್ ಮಾಡುವವರಿಗೆ ಮಾರಿದರೆ ನಷ್ಟವಿಲ್ಲ. ಭಾರಿ ಲಾಭವನ್ನೂ ನಿರೀಕ್ಷಿಸಬೇಡಿ: ಮೂವತ್ತು ಕಿಲೋಮೀಟರ್ ದಾಟಿದರೆ ಟ್ರ್ಯಾಕ್ಟರ್ ಬಾಡಿಗೆಯೇ ತಿಂದುಹಾಕುತ್ತದೆ. ಗಾಡಿ ತೂಗುವ ವೇಬ್ರಿಡ್ಜ್ ಮೇಲೆ "ತೇವ ಜಾಸ್ತಿ" ಅಂತ ಮುರಿದುಕೊಳ್ಳುವುದು ಬೇರೆ. ತೇವ ಅಳೆಯುವ ಮೀಟರ್ ನಿಮ್ಮ ಕೈಯಲ್ಲೂ ಒಂದಿರಲಿ.

ಜೋಳದ ಕಾಳನ್ನೇ ಎಥೆನಾಲ್‌ಗೆ ಕೊಡುವ ಮಾತು ನಿಮ್ಮ ಪತ್ರದಲ್ಲಿಲ್ಲ, ನಾಳೆ ಬಂದೀತು. ಬೆಲೆ ಏರಿದರೆ ನಿಮಗೆ ಒಳ್ಳೆಯದೇ, ಮಾರಿಕೊಳ್ಳಿ. ಪಕ್ಕದ ಮನೆಯವರ ಕೋಳಿ ಫಾರಂನ ಮೇವಿನ ಬೆಲೆಯೂ ಅದರ ಜೊತೆಗೆ ಏರುತ್ತದೆ ಅನ್ನುವುದು ಗೊತ್ತಿರಲಿ, ಅಷ್ಟೆ.

ಗ್ಯಾಸಿನ ವಿಷಯದಲ್ಲಿ ನಿಮ್ಮ ಕೈಗೆ ಸಿಗುವ ದಾರಿ ಕೊಟ್ಟಿಗೆಯಲ್ಲೇ ಇದೆ. ನಾಲ್ಕು ಸೀಮೆಹಸುವಿನಿಂದ ದಿನಕ್ಕೆ 50 ಕೆಜಿ ಸಗಣಿ ಖಂಡಿತ ಸಿಗುತ್ತದೆ. ಒಂದು ಘನ ಮೀಟರ್ ಗ್ಯಾಸಿಗೆ 25 ಕೆಜಿ ಬೇಕು. ಎರಡು ಘನ ಮೀಟರಿನ, ನೆಲದಡಿ ಗುಮ್ಮಟ ಕಟ್ಟುವ ದೀನಬಂಧು ಮಾದರಿ ಗೋಬರ್ ಗ್ಯಾಸ್ ಸಾಕು. ಅದು ದಿನಕ್ಕೆ ಮುಕ್ಕಾಲು ಕೆಜಿ ಎಲ್‌ಪಿಜಿಗೆ ಸಮ. ಹದಿನೆಂಟು–ಇಪ್ಪತ್ತು ದಿನಕ್ಕೆ ಒಂದು ಸಿಲಿಂಡರ್ ಉಳಿಯಿತು. ಬಗ್ಗಡ ಪಕ್ಕದಲ್ಲೇ ಹಿಪ್ಪುನೇರಳೆಗೆ ಹೋಗುತ್ತದೆ. ನಿಮ್ಮದೇ ಜಿಲ್ಲೆಯ ಬಾಗೇಪಲ್ಲಿ ಸುತ್ತಮುತ್ತ ಕೂಲಿ ಸಂಘದ ಕುಟುಂಬಗಳಿಗೆ 5,500 ಇಂಥ ಸಣ್ಣ ಘಟಕ ಕಟ್ಟಿ, ಅದರಿಂದ ಉಳಿಯುವ ಹೊಗೆಯ ಲೆಕ್ಕವನ್ನು ಕಾರ್ಬನ್ ಕ್ರೆಡಿಟ್ ಆಗಿ ಮಾರುವ ಯೋಜನೆಯನ್ನು ವಿಶ್ವಸಂಸ್ಥೆಯ ವ್ಯವಸ್ಥೆಯಡಿ 2005ರಲ್ಲೇ ನೋಂದಾಯಿಸಿದ್ದರು. ಬಯೋಎಕಾನಮಿ ಅನ್ನುವ ಹೆಸರು ನಿಮ್ಮ ಸಭೆಗೆ ಬರುವುದಕ್ಕೆ ಎಷ್ಟೋ ಮೊದಲೇ ವಸ್ತು ನಿಮ್ಮ ಜಿಲ್ಲೆಯಲ್ಲಿತ್ತು.

ಇದಕ್ಕೂ ಅಪಾಯವಿದೆ. ಊರೂರಲ್ಲಿ ಸತ್ತ ಗೋಬರ್ ಗ್ಯಾಸ್‌ಗಳನ್ನು ನೋಡಿದ್ದೇನೆ, ಗುಮ್ಮಟದ ಮೇಲೆ ಮೆಣಸಿನಕಾಯಿ ಒಣಹಾಕಿರುತ್ತಾರೆ. ಕಾರಣ ಸಾಮಾನ್ಯವಾಗಿ ಮೂರು: ಹಸು ಮಾರಿದರು, ಸಗಣಿ ಕಲಸುವ ಕೆಲಸ ಮನೆಯ ಒಬ್ಬಳೇ ಹೆಣ್ಣುಮಗಳ ಮೇಲೆ ಬಿತ್ತು, ಅಥವಾ ಗುಮ್ಮಟ ಬಿರುಕು ಬಿಟ್ಟಿತು. ಮೂರನೆಯದನ್ನು ತಡೆಯಬೇಕು, ಯಾಕೆಂದರೆ ಸೋರುವ ಮೀಥೇನ್ ಇಂಗಾಲದ ಡೈ ಆಕ್ಸೈಡ್‌ಗಿಂತ ನೂರು ವರ್ಷದ ಲೆಕ್ಕದಲ್ಲಿ ಇಪ್ಪತ್ತೇಳು ಪಟ್ಟಿಗೂ ಮಿಕ್ಕಿ ಬಿಸಿ ಹಿಡಿಯುತ್ತದೆ. ಸೋರುವ ಗೋಬರ್ ಗ್ಯಾಸು ಇರುವುದಕ್ಕಿಂತ ತಿಪ್ಪೆಯೇ ವಾಸಿ. ದೊಡ್ಡ ಸಿಬಿಜಿ ಘಟಕಕ್ಕೂ ಇದು ಅನ್ವಯ. "ಹುಲ್ಲು ಹೀರಿದ್ದನ್ನೇ ಬಿಡುತ್ತದೆ, ಆದ್ದರಿಂದ ಸೊನ್ನೆ ಮಾಲಿನ್ಯ" ಅನ್ನುವವರನ್ನು ಸೋರಿಕೆ, ಯೂರಿಯಾ, ಮೋಟರಿನ ಕರೆಂಟು, ಲಾರಿಯ ಡೀಸೆಲ್ ಇವೆಲ್ಲ ಎಲ್ಲಿ ಬರೆದಿದ್ದೀರಿ ಅಂತ ಕೇಳಿ.

ನೇಪಿಯರ್ ಬಗ್ಗೆ ನನಗೆ ದ್ವೇಷವಿಲ್ಲ. ಹತ್ತಿಪ್ಪತ್ತು ಗುಂಟೆ ಹಾಕಿ, ಹಸುಗಳಿಗೇ ತಿನ್ನಿಸಿ. ಹುಲ್ಲು ಹಾಲಾಗುತ್ತದೆ, ಸಗಣಿಯಾಗುತ್ತದೆ, ಸಗಣಿ ಗ್ಯಾಸಾಗುತ್ತದೆ, ಬಗ್ಗಡ ಮತ್ತೆ ಹುಲ್ಲಿನ ಬುಡಕ್ಕೆ. ಒಂದೇ ಹುಲ್ಲಿಗೆ ನಾಲ್ಕು ಬೆಲೆ. ಮೊದಲು ಹೊಟ್ಟೆಗೆ, ಆಮೇಲೆ ಕೊಟ್ಟಿಗೆಗೆ, ಆಮೇಲೆ ಹೊಲಕ್ಕೆ, ಕೊನೆಗೆ ಒಲೆಗೆ ಅನ್ನುವ ವರಸೆ ನಮ್ಮ ಹಿರಿಯರದ್ದು. ವಿದೇಶದ ನೀತಿಪತ್ರಗಳಲ್ಲೂ ಈಗ ಇದನ್ನೇ ದೊಡ್ಡ ಹೆಸರಿಟ್ಟು ಬರೆಯುತ್ತಾರೆ.

ಇಷ್ಟಾಗಿಯೂ ನಿಮ್ಮ ಉತ್ಪಾದಕರ ಕಂಪನಿ ಆ ಸಂಸ್ಥೆಯ ಜೊತೆ ಮಾತಾಡಬೇಕು ಅಂದರೆ, ಮಾತಾಡಲಿ. ಘಟಕ ಎಲ್ಲಿದೆ ಅಂತ ಕೇಳಿ. "ಬರುತ್ತದೆ" ಅಂದರೆ ಬಂದ ಮೇಲೆ ಕರೆಯಿರಿ ಅನ್ನಿ. ಗ್ಯಾಸು ಕೊಳ್ಳುವ ಉದ್ದೇಶವಿದೆ ಅನ್ನುವ ತೈಲ ಕಂಪನಿಯ ಪತ್ರ ತೋರಿಸಿದರೆ ಅದು ಕಾಗದ, ಘಟಕವಲ್ಲ. ಹುಲ್ಲು ಕೊಯ್ಲಿಗೆ ಬಂದು ಘಟಕ ಬಾರದಿದ್ದರೆ ಬಲಿತ ನೇಪಿಯರ್ ಹಸುವೂ ಮುಟ್ಟದ ಕಡ್ಡಿಯಾಗುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ನೋಡಿ. ಟನ್ನಿಗೆ ಸಾವಿರ ಅನ್ನುವುದು ಹೊಲದ ಬದುವಿನಲ್ಲಾ, ಘಟಕದ ಗೇಟಿನಲ್ಲಾ? ಕೊಯ್ಯುವ ಕೂಲಿ ಯಾರದು? ಎಷ್ಟು ಟನ್ ಹುಲ್ಲಿಗೆ ಎಷ್ಟು ಬಗ್ಗಡ, ಎಷ್ಟು ದಿನದೊಳಗೆ, ಯಾರ ಗಾಡಿಯಲ್ಲಿ ವಾಪಸ್? ಬೋರು ಬತ್ತಿದರೆ ದಂಡವಿಲ್ಲದೆ ಬಿಡುಗಡೆ ಉಂಟಾ? ಐದು ವರ್ಷ ಆದ ಮೇಲೆ ಬುಡ ಕಿತ್ತು ಹೊಲ ಹದ ಮಾಡಿಕೊಡುವವರು ಯಾರು? ಬೆಳೆದುಕೊಡುವ ಒಪ್ಪಂದದ ಹೆಸರಲ್ಲಿ ಜಮೀನನ್ನೇ ಗೇಣಿಗೆ ಬರೆಸಿಕೊಳ್ಳುವ ಕಲಮು ಇದ್ದರೆ ನಿಲ್ಲಿಸಿ. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಯಲ್ಲಿ ಕೃಷಿ ಜಮೀನಿನ ಗೇಣಿಗೆ ನಿರ್ಬಂಧವಿದೆ. ಸಹಿಗೆ ಮೊದಲು ಪತ್ರವನ್ನು ನಿಮ್ಮ ಕಡೆಯ ವಕೀಲರಿಗೆ ತೋರಿಸಿ, ಸಂಸ್ಥೆಯವರು ಕರೆತರುವ ವಕೀಲರಿಗಲ್ಲ.

ಮುಂದಿನ ಸಭೆ, ಬೋರಿನ ನೀರು ಇಳಿಯುವ ಮಾರ್ಚಿ ಕೊನೆಗೆ ಹೋಗುವಂತೆ ನೋಡಿಕೊಳ್ಳಿ. ಹೋಗುವ ಹಿಂದಿನ ದಿನ ಬೋರಿನ ಬಾಯಿಗೆ 200 ಲೀಟರಿನ ಡ್ರಮ್ ಇಟ್ಟು, ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಮೊಬೈಲಿನಲ್ಲಿ ಗಡಿಯಾರ ಹಾಕಿ ನೋಡಿ. ಎರಡಿಂಚು ನೀರಿದ್ದರೆ ನಾಲ್ಕು ನಿಮಿಷ ಚಿಲ್ಲರೆಗೆ ತುಂಬಬೇಕು. ಆರು ನಿಮಿಷ ಆಯಿತು ಅಂದರೆ ಬೋರಿನಲ್ಲಿರುವುದು ಎರಡಿಂಚಲ್ಲ, ಮುಕ್ಕಾಲು ಎಕರೆ ನೇಪಿಯರಿಗೂ ಸಾಲದು. ಆ ಚೀಟಿ, ಮಣ್ಣಿನ ಕಾರ್ಡು ಎರಡನ್ನೂ ಜೇಬಲ್ಲಿಟ್ಟುಕೊಂಡು ಹೋಗಿ. ಅಪ್ಪನವರನ್ನೂ ಕರೆದುಕೊಂಡು ಹೋಗಿ.